ಸಿಹಿ ಇಳಿಸಿದರೂ ನೊರೆ ಉಳಿಯಬೇಕು: ಮನೆಯಲ್ಲೇ ತೇ ತಾರಿಕ್

ಪ್ರಶ್ನೆ: ಕ್ವಾಲಾಲಂಪುರದಲ್ಲಿದ್ದಾಗ ಮಾಮಕ್ ಅಂಗಡಿಯ (ಅಲ್ಲಿನ ಭಾರತೀಯ ಮೂಲದ ಮುಸ್ಲಿಮರ ಹೋಟೆಲ್) ತೇ ತಾರಿಕ್, ಅಂದರೆ ಎತ್ತರದಿಂದ ಸುರಿದು ನೊರೆ ಎಬ್ಬಿಸಿದ ಹಾಲಿನ ಚಹಾ, ಅಭ್ಯಾಸವಾಗಿತ್ತು. ಈಗ ಸಕ್ಕರೆ ಕಡಿಮೆ ಮಾಡಬೇಕಾಗಿದೆ. ಕಂಡೆನ್ಸ್ಡ್ ಮಿಲ್ಕ್ ಬಿಟ್ಟು ಮಾಮೂಲಿ ಹಾಲು ಹಾಕಿದರೆ ನೊರೆಯೂ ಬರುವುದಿಲ್ಲ, ಬಾಯೆಲ್ಲ ಒಗರು. ದಾರಿ ಇದೆಯೇ? (ಮೈಸೂರು)

ಉತ್ತರ: ಇದೆ. ಮಾಮಕ್ ಅಂಗಡಿಗಳಲ್ಲಿ ಡಸ್ಟ್ ಟೀಯ ಗಟ್ಟಿ ಡಿಕಾಕ್ಷನ್‌ಗೆ ಕಂಡೆನ್ಸ್ಡ್ ಮಿಲ್ಕ್, ಹಲವು ಕಡೆ ಅದರ ಜೊತೆಗೆ ಇವಾಪೊರೇಟೆಡ್ ಮಿಲ್ಕ್ (ಸಕ್ಕರೆ ಹಾಕದೆ ಇಂಗಿಸಿದ ಹಾಲು) ಬೆರೆಸಿ, ಎತ್ತರದಿಂದ ಮಗ್ಗಿಂದ ಮಗ್ಗಿಗೆ ಸುರಿಯುತ್ತಾರೆ. ಎರಡು ದೊಡ್ಡ ಚಮಚ, ಅಂದರೆ ಸುಮಾರು 40 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಹಾಕಿದರೆ ಹೆಚ್ಚುವರಿ ಸಕ್ಕರೆಯೇ 18 ಗ್ರಾಂ ಆಸುಪಾಸು, 130 ಕ್ಯಾಲೊರಿ. ಆದರೆ ನೊರೆ ಕಟ್ಟುವುದು ಸಕ್ಕರೆಯೂ ಅಲ್ಲ, ಕೊಬ್ಬೂ ಅಲ್ಲ, ಹಾಲಿನ ಪ್ರೊಟೀನ್. ಸಕ್ಕರೆ ದ್ರವವನ್ನು ಮಂದ ಮಾಡಿ ನೊರೆ ಬೇಗ ಇಳಿಯದಂತೆ ತಡೆಯುತ್ತದೆ, ಅಷ್ಟೆ. ಆದ್ದರಿಂದ ಸಿಹಿ ತೆಗೆದ ಜಾಗಕ್ಕೆ ಕೆನೆ ತೆಗೆದ ಹಾಲಿನ ಪುಡಿ ತನ್ನಿ.

ಎರಡು ಲೋಟಕ್ಕೆ: 250 ಮಿಲಿ ನೀರು ಕುದಿಸಿ, ಉರಿ ಆರಿಸಿ, 3 ಟೀ ಚಮಚ ಡಸ್ಟ್ ಟೀ ಪುಡಿ ಹಾಕಿ ಮುಚ್ಚಿಡಿ. ನಾಲ್ಕು ನಿಮಿಷ ಸಾಕು, ಐದು ದಾಟಬೇಡಿ. ಬಟ್ಟೆಯಲ್ಲಿ ಸೋಸಿ, ಹಿಂಡಬೇಡಿ. ನಿಮ್ಮ ಚಹಾ ಒಗರಾಗುತ್ತಿರುವುದು ಬಹುಶಃ ಇಲ್ಲೇ: ನಮ್ಮ ಮನೆಗಳಲ್ಲಿ ಪುಡಿಯನ್ನು ಕುದಿಸುವ ರೂಢಿ. ಹೆಚ್ಚು ಕುದಿಸಿದ ಒಗರನ್ನು ಕಂಡೆನ್ಸ್ಡ್ ಮಿಲ್ಕ್ ಮುಚ್ಚಿಹಾಕುತ್ತದೆ, ತೆಳು ಹಾಲಿಗೆ ಆ ಶಕ್ತಿ ಇಲ್ಲ.

ಇನ್ನೊಂದು ಪಾತ್ರೆಯಲ್ಲಿ 120 ಮಿಲಿ ಡಬಲ್ ಟೋನ್ಡ್ ಹಾಲನ್ನು ಕಾಯಿಸಿ ಕೆನೆ ತೆಗೆಯಿರಿ. ಹಾಲಿನ ಪುಡಿ 2 ದೊಡ್ಡ ಚಮಚ. ಮೊದಲು ಅದನ್ನು ಎರಡು ಚಮಚ ಉಗುರುಬೆಚ್ಚಗಿನ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ಹಾಲಿಗೆ ಸೇರಿಸಿ. ಪುಡಿಯನ್ನು ನೇರ ಬಿಸಿ ಡಿಕಾಕ್ಷನ್‌ಗೆ ಸುರಿದರೆ ಗಂಟು ಗ್ಯಾರಂಟಿ. ಈ ಹಾಲನ್ನು ಸೋಸಿದ ಡಿಕಾಕ್ಷನ್‌ಗೆ ಬೆರೆಸಿ. ಸಕ್ಕರೆ ಲೋಟಕ್ಕೊಂದು ಟೀ ಚಮಚ. ಪೂರ್ತಿ ಬಿಡಬಹುದು, ಆದರೆ ತೇ ತಾರಿಕ್‌ನ ರುಚಿ ಬೇಕೆಂದರೆ ಒಂದು ಚಮಚ ಇರಲಿ ಎಂಬುದು ನಮ್ಮ ಅಭಿಪ್ರಾಯ. ಲೋಟವೊಂದಕ್ಕೆ ಹೆಚ್ಚೆಂದರೆ 75 ಕ್ಯಾಲೊರಿ. ಸಕ್ಕರೆ ಕಾಯಿಲೆ ಇದ್ದವರು ಹಾಲು, ಹಾಲಿನ ಪುಡಿ ಎರಡರಲ್ಲೂ ಸಹಜ ಸಕ್ಕರೆ ಇದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ಆರಿಸುವುದು. ಕಾಫಿಯನ್ನು ಲೋಟ–ಬಟ್ಟಲಿನಲ್ಲಿ ಆರಿಸಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಹಿಡಿ ಇರುವ, ಕನಿಷ್ಠ ಅರ್ಧ ಲೀಟರ್ ಹಿಡಿಯುವ ಎರಡು ಸ್ಟೀಲ್ ಮಗ್ ಬೇಕು. ಚಹಾ ಮುಕ್ಕಾಲು ಮಗ್ಗಿನ ಹತ್ತಿರ ಬಂದರೂ ಉಳಿದ ಜಾಗ ನೊರೆಗೆ ಬೇಕೇ ಬೇಕು. ಗೇಣಿನೆತ್ತರದಿಂದ ಶುರುಮಾಡಿ, ಸುರಿಯುತ್ತಲೇ ಮೇಲಿನ ಮಗ್ಗನ್ನು ಎತ್ತುತ್ತಾ ಎರಡು ಅಡಿವರೆಗೆ ಹೋಗಿ. ಧಾರೆ ಸಣ್ಣಗಿರಲಿ, ತುಂಡಾಗದಿರಲಿ. ಆರೆಂಟು ಸಲ ಸಾಕು. ಮೊದಮೊದಲು ಸಿಂಕಿನ ಮೇಲೆ, ತಣ್ಣೀರಿನಲ್ಲಿ ಅಭ್ಯಾಸ ಮಾಡಿ. ಕೈ ಸುಟ್ಟುಕೊಳ್ಳುವುದು ಬೇಡ.

ಪ್ರಶ್ನೆ: ನೊರೆ ಬರುತ್ತದೆ, ಆದರೆ ಕುಡಿಯುವ ಮೊದಲೇ ಇಳಿದುಹೋಗುತ್ತದೆ. ಬೀಟರ್ ಹಾಕಬಹುದೇ? (ಹುಬ್ಬಳ್ಳಿ)

ಉತ್ತರ: ಬೀಟರ್ ಹಾಕಬಹುದು, ಆದರೆ ಚಹಾ ಆರುವುದಿಲ್ಲ. ಆರಿಸುವುದರಲ್ಲಿ ಬಿಸಿಯೂ ಕುಡಿಯುವ ಹದಕ್ಕೆ, ಅಂದರೆ 60–65 ಡಿಗ್ರಿಗೆ ಇಳಿಯುತ್ತದೆ; ನೊರೆಗೂ ಅದೇ ಹದ ಒಳ್ಳೆಯದು. ಕುದಿಬಿಸಿಯಲ್ಲಿ ಎಬ್ಬಿಸಿದ ನೊರೆ ದಪ್ಪ ಗುಳ್ಳೆಯಾಗಿ ಬೇಗ ಒಡೆಯುತ್ತದೆ. ಮಗ್ಗಿನಲ್ಲಿ ಎಣ್ಣೆ ಜಿಡ್ಡು ಉಳಿದಿದೆಯೇ ನೋಡಿ. ಒಗ್ಗರಣೆ ಪಾತ್ರೆಗಳ ಜೊತೆ ತೊಳೆದ ಮಗ್ಗಿನಲ್ಲಿ ನೊರೆ ನಿಲ್ಲದು. ಬಾದಾಮಿ ಹಾಲಿನಲ್ಲಿ ಪ್ರೊಟೀನ್ ಕಡಿಮೆ, ಅದರಿಂದ ಹೆಚ್ಚು ನಿರೀಕ್ಷೆ ಬೇಡ.

ಪ್ರಶ್ನೆ: ಶುಂಠಿ ಹಾಕಿದ ತೇ ಹಾಲಿಯಾ ಮಾಡಿದರೆ ಹಾಲು ಒಡೆಯುತ್ತದೆ. ಬೆಲ್ಲ ಹಾಕಿದರೂ ಅಷ್ಟೇ. (ಶಿವಮೊಗ್ಗ)

ಉತ್ತರ: ಹಸಿ ಶುಂಠಿಯಲ್ಲಿ ಹಾಲನ್ನು ಹೆಪ್ಪಾಗಿಸುವ ಕಿಣ್ವವಿದೆ. ಜಜ್ಜಿದ ಒಂದಿಂಚು ಶುಂಠಿಯನ್ನು ಮೊದಲು ನೀರಿನಲ್ಲೇ ಐದು ನಿಮಿಷ ಕುದಿಸಿದರೆ ಅದು ಸಾಯುತ್ತದೆ, ಖಾರ ಉಳಿಯುತ್ತದೆ. ಆ ನೀರಿಗೇ ಟೀ ಪುಡಿ ಹಾಕಿ. ಬೆಲ್ಲದಲ್ಲಿ ತುಸು ಹುಳಿ ಇರುವುದರಿಂದ ಬಿಸಿ ಹಾಲನ್ನು ಒಡೆಸುತ್ತದೆ. ಅದನ್ನು ಕೊನೆಗೆ, ಆರಿಸಿದ ಮೇಲೆ ಬೆರೆಸಿ. ಕ್ಯಾಲೊರಿ ಮಾತ್ರ ಸಕ್ಕರೆಯಷ್ಟೇ, ಬೆಲ್ಲವೆಂದು ರಿಯಾಯಿತಿ ಇಲ್ಲ.

ಪ್ರಶ್ನೆ: ಸಿಂಗಪುರಕ್ಕೆ ಹೋಗುತ್ತಿದ್ದೇವೆ. ಅಲ್ಲಿ ಸಿಹಿ ಕಡಿಮೆ ಎಂದು ಹೇಗೆ ಕೇಳುವುದು? (ಬೆಂಗಳೂರು)

ಉತ್ತರ: 'ತೇ ತಾರಿಕ್ ಕುರಾಂಗ್ ಮಾನಿಸ್' ಅನ್ನಿ, ಸಿಹಿ ಇಳಿಸಿ ಕೊಡುತ್ತಾರೆ. ಆದರೂ ಕಂಡೆನ್ಸ್ಡ್ ಮಿಲ್ಕ್ ಇದ್ದೇ ಇರುತ್ತದೆ. ಸಕ್ಕರೆ ಬೇಡವೇ ಬೇಡ ಎಂದರೆ 'ತೇ ಸಿ ಕೊಸೊಂಗ್': ಇವಾಪೊರೇಟೆಡ್ ಮಿಲ್ಕ್ ಮಾತ್ರ ಹಾಕಿದ ಚಹಾ. ಹಾಲೂ ಬೇಡವಾದರೆ 'ತೇ ಓ ಕೊಸೊಂಗ್'.