ಗ್ಯಾರಿಸನ್ ಸ್ಮಶಾನದ ಗೋರಿಗಲ್ಲಿನ ಹೆಸರು ಓದೋದು

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ (ಬ್ರಿಟಿಷ್ ದಂಡಿನವರನ್ನು ಹೂಳುತ್ತಿದ್ದ ಜಾಗ) ಒಂದು ಗೋರಿಗಲ್ಲಿನ ಮೇಲೆ ಇಸವಿಯ "180" ಮಾತ್ರ ಕಾಣ್ತು, ಹೆಸರು ಓದೋಕಾಗಲಿಲ್ಲ ಅಂದಿದ್ದೀರಿ. ಅಕ್ಷರ ಪೂರ್ತಿ ಸವೆದಿರಲಿಕ್ಕಿಲ್ಲ, ನೀವು ಹೋಗಿದ್ದ ಹೊತ್ತೇ ಕಾರಣ ಇರಬೇಕು. ನಡುಮಧ್ಯಾಹ್ನದ ಬಿಸಿಲಲ್ಲಿ ತೆಳುವಾದ ಕೆತ್ತನೆಗೆ ನೆರಳೇ ಬೀಳಲ್ಲ.

ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಿ. ಮೊದಲು ಮೆತ್ತನೆ ಬ್ರಷ್‌ನಿಂದ ಧೂಳು ತೆಗೀರಿ. ಆಮೇಲೆ ಜೊತೆಗಿರೋರು ಕಲ್ಲಿಗೆ ಕೊಡೆ ಅಡ್ಡ ಹಿಡೀಲಿ, ನೀವು ಟಾರ್ಚನ್ನು ಕಲ್ಲಿಗೆ ಆನಿಸಿದ ಹಾಗೆ ಪಕ್ಕದಿಂದ ಬಿಡಿ. ಬರೀ ಗೀಚಿನ ಹಾಗಿದ್ದದ್ದು ಆಗ 'ಆರ್', 'ಎಂ' ಅಂತ ಎದ್ದು ಕಾಣುತ್ತೆ. ನಾಲ್ಕೂ ಕಡೆಯಿಂದ ಫೋಟೋ ತೆಗೀರಿ. ಸೀಮೆಸುಣ್ಣ, ತಂತಿ ಬ್ರಷ್, ಆ್ಯಸಿಡ್ ದಯವಿಟ್ಟು ಮುಟ್ಟಬೇಡಿ. ಇನ್ನೂರು ವರ್ಷ ತಾಳಿದ ಕಲ್ಲು ಅದು, ಒಮ್ಮೆ ಪದರ ಎದ್ದರೆ ಹೆಸರು ಹೋದ ಹಾಗೇ.

ಮೂರು ಅಕ್ಷರ ಸಿಕ್ಕರೂ ಸಾಕು, ಉಳಿದದ್ದನ್ನು ಹಳೇ ದಾಖಲೆಗಳಲ್ಲಿ ಹುಡುಕಬಹುದು. ಮೈಸೂರಿನ ಚರ್ಚುಗಳಲ್ಲಿ ಹುಡುಕ್ತಾ ಕೂರಬೇಡಿ. ಶ್ರೀರಂಗಪಟ್ಟಣದಲ್ಲಿದ್ದ ದಂಡು ಮದರಾಸು ಪ್ರೆಸಿಡೆನ್ಸಿಗೆ ಸೇರಿದ್ದು. ಆ ಕಾಲದ ಶವಸಂಸ್ಕಾರದ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ (ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಕಚೇರಿ) ಕಡತಗಳಲ್ಲಿ, ಎನ್/2 ಸರಣಿಯಲ್ಲಿವೆ. ಊರಿನ ಹೆಸರು 'ಸೆರಿಂಗಪಟಮ್' ಅಂತ ಕೊಡಿ. ದಂಡು 1809ರಲ್ಲಿ ಬೆಂಗಳೂರಿಗೆ ಹೋಯ್ತು, ಹಾಗಾಗಿ 1800ರಿಂದ 1809ರವರೆಗೆ ಮೊದಲು ನೋಡಿ.

ಇನ್ನೊಂದು ವಿಷಯ. ಈ ಸ್ಮಶಾನದ ಎಷ್ಟೋ ಗೋರಿ ಸ್ವಿಸ್ ಡಿ ಮ್ಯೂರಾನ್ ರೆಜಿಮೆಂಟಿನವರದ್ದು. 1795ರಲ್ಲಿ ಡಚ್ಚರ ನೌಕರಿ ಬಿಟ್ಟು ಇಂಗ್ಲಿಷರ ಕಡೆ ಬಂದು, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಾದಾಡಿದ ಪಡೆ ಅದು. ಹೆಸರು ಫ್ರೆಂಚೋ ಜರ್ಮನ್ನೋ ಆಗಿದ್ದರೆ ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿರಬಹುದು, ಎರಡು ಮೂರು ಕಾಗುಣಿತದಲ್ಲಿ ಹುಡುಕಿ.