ಮೀನುಗಾರಿಕಾ ಟ್ರಾಲರ್ ಮಾದರಿಗೆ ಯುದ್ಧದ ವೇಷ: ತೋಪಿಗಿಂತ ಮೊದಲು ಅಳತೆಪಟ್ಟಿ ಹಿಡಿಯಿರಿ

ಹಡಗಿನ ಮಾದರಿ ಕಟ್ಟುವವರ ಪತ್ರಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತಿದೆ. ‘ಮರದ ಮೀನುಗಾರಿಕಾ ಬೋಟಿನ ಕಿಟ್ ಇದೆ, ಎರಡನೇ ಮಹಾಯುದ್ಧದ ಗಸ್ತು ಹಡಗು ಮಾಡಬೇಕು, ಎಷ್ಟು ತೋಪು ಕೂರಿಸಲಿ?’ ಮೊದಲು ಕೇಳಬೇಕಾದದ್ದು ಯಾವ ಹಡಗು, ಯಾವ ವರ್ಷ, ಏನು ಕೆಲಸ ಎಂದು. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಾಗಾಗಿ ಈ ಸಲ ಒಂದೇ ಪತ್ರಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಪಟ್ಟಿ ಬಗ್ಗಿಸುವುದು, ಅಂಟು ಹಾಕುವುದು, ಉಜ್ಜುವುದು ಇಲ್ಲಿಲ್ಲ. ಕಿಟ್ ಜೊತೆ ಬಂದ ಕೈಪಿಡಿ ಓದಿಕೊಳ್ಳಿ.

ಪ್ರಶ್ನೆ: ನನ್ನ ಬಳಿ 1:50 ಪ್ರಮಾಣದ ಉಗಿ ಟ್ರಾಲರಿನ ಮರದ ಮಾದರಿ ಇದೆ. ಒಡಲಿನ ಉದ್ದ 77 ಸೆಂ.ಮೀ. ಡೆಕ್, ವಿಂಚ್, ಬಲೆ ಎಳೆಯುವ ಗ್ಯಾಲೋಸ್ ಕಮಾನುಗಳು ಎಲ್ಲ ಅಂಟಿಸಿ ಆಗಿದೆ. ಇದನ್ನು ಬ್ರಿಟಿಷ್ ನೌಕಾಪಡೆಯ ‘ಬೆಡ್‌ಫರ್ಡ್‌ಶೈರ್’ ಮಾಡುವಾಸೆ. ಮುಂದೆ 4 ಇಂಚಿನ ತೋಪು, ಹಿಂದೆ ಎರಡು ಓರ್ಲಿಕಾನ್ (ವಿಮಾನ ಹೊಡೆಯುವ ಸಣ್ಣ ತೋಪು), ಜೊತೆಗೆ 80 ಡೆಪ್ತ್ ಚಾರ್ಜ್ (ಜಲಾಂತರ್ಗಾಮಿಯ ಮೇಲೆ ಹಾಕುವ, ನೀರಿನಡಿ ಸಿಡಿಯುವ ಬಾಂಬು). ಮೋಟಾರು ಹಾಕಿ ಕೆರೆಯಲ್ಲಿ ಓಡಿಸಬೇಕೆಂದೂ ಇದೆ. ಹೇಗೆ ಮುಂದುವರಿಯಲಿ?
— ಓದುಗರು, ಶಿವಮೊಗ್ಗ

ಉತ್ತರ: ಆ ಹೆಸರನ್ನು ಬಿಟ್ಟುಬಿಡಿ. ಬೆಡ್‌ಫರ್ಡ್‌ಶೈರ್ 1935ರಲ್ಲಿ ಕಟ್ಟಿದ, ಸುಮಾರು 49 ಮೀಟರ್ ಉದ್ದದ ಟ್ರಾಲರ್. 1:50ರಲ್ಲಿ ಅದು 98 ಸೆಂ.ಮೀ. ಆಗಬೇಕು. 1942ರ ಮೇ ತಿಂಗಳಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾ ತೀರದಾಚೆ ಯು-558 ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ, ಹಡಗಿನಲ್ಲಿದ್ದವರೆಲ್ಲ ಅದರೊಂದಿಗೇ ಮುಳುಗಿದರು. 20 ಸೆಂ.ಮೀ. ಗಿಡ್ಡನೆಯ ಒಡಲಿಗೆ ಆ ಹೆಸರು ಬರೆಯುವುದು ಸರಿಯಲ್ಲ.

ನಿಮ್ಮ ಒಡಲಿಗೆ ಹೊಂದುವ ಹಡಗು ಬೇರೆ ಇದೆ. 77 ಸೆಂ.ಮೀ. ಅಂದರೆ ನಿಜದಲ್ಲಿ 38.5 ಮೀಟರ್. ಮೊದಲ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷ್ ನೌಕಾಪಡೆ ಕಟ್ಟಿಸಿದ ‘ಕ್ಯಾಸಲ್’ ವರ್ಗದ ಟ್ರಾಲರುಗಳು 125 ಅಡಿಯ ಆಸುಪಾಸು, ಅಂದರೆ ಸುಮಾರು 38 ಮೀಟರ್. ಅಗಲ ಸುಮಾರು 7.2 ಮೀಟರ್. ನಿಮ್ಮ ಮಾದರಿಯ ಅಗಲ 14 ಸೆಂ.ಮೀ. ಹತ್ತಿರ ಇದ್ದರೆ ಬೇರೆ ಹುಡುಕುವುದೇ ಬೇಡ. ಯುದ್ಧ ಮುಗಿದ ಮೇಲೆ ಇವು ಮೀನುಗಾರಿಕೆಗೆ ಮಾರಾಟವಾದವು. 1939ರಲ್ಲಿ ಇವುಗಳಲ್ಲಿ ಅನೇಕವನ್ನು ನೌಕಾಪಡೆ ಮತ್ತೆ ವಶಕ್ಕೆ ತೆಗೆದುಕೊಂಡು ಇಂಗ್ಲೆಂಡಿನ ಲೋಸ್ಟಾಫ್ಟ್‌ನಲ್ಲಿ ಕೇಂದ್ರವಿದ್ದ ತನ್ನ ಗಸ್ತು ದಳ ರಾಯಲ್ ನೇವಲ್ ಪಟ್ರೋಲ್ ಸರ್ವಿಸ್‌ಗೆ ಸೇರಿಸಿತು. ಮೀನು ಹಿಡಿಯುತ್ತಿದ್ದ ಟ್ರಾಲರ್ ಯುದ್ಧಕ್ಕೆ ಹೊರಟದ್ದು ಹೀಗೆ. ನಿಮ್ಮ ಬದಲಾವಣೆಗೆ ಇದಕ್ಕಿಂತ ಪ್ರಾಮಾಣಿಕ ಆಧಾರ ಬೇಕಿಲ್ಲ.

ಈಗ ವರ್ಷ ಗೊತ್ತುಮಾಡಿ. ಗಸ್ತಿನ ಜೊತೆಗೆ ಮೈನ್ (ಸಮುದ್ರದಲ್ಲಿ ಹುದುಗಿಸಿಟ್ಟ ಸಿಡಿಗುಂಡು) ಗುಡಿಸುವ ಕೆಲಸವನ್ನೂ ಮಾಡುತ್ತಿದ್ದ, 1940ರ ಕೊನೆಯ ಹಡಗು ಎಂದಿಟ್ಟುಕೊಳ್ಳಿ. ಅಲ್ಲಿಗೆ ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲು ತಾನಾಗಿ ಉದುರುತ್ತದೆ. ಮುಂದೆ ಒಂದು 12 ಪೌಂಡರ್ ತೋಪು. ಚುಕ್ಕಾಣಿ ಕೋಣೆಯ ಎರಡು ಬದಿಗೆ ಒಂದೊಂದು ಲೂಯಿಸ್ ಮಷಿನ್ ಗನ್. ಹಿಂದೆ ಬೇಕಿದ್ದರೆ ಎರಡೋ ನಾಲ್ಕೋ ಡೆಪ್ತ್ ಚಾರ್ಜ್. ಅಷ್ಟೇ. ಓರ್ಲಿಕಾನ್ ಇಂಥ ಹಳೆಯ ಸಣ್ಣ ಟ್ರಾಲರುಗಳವರೆಗೆ ಬಂದದ್ದು ಆಮೇಲೆ. ಎಂಬತ್ತು ಡೆಪ್ತ್ ಚಾರ್ಜ್ ಜಲಾಂತರ್ಗಾಮಿ ಬೇಟೆಗೆ ಹೋಗುತ್ತಿದ್ದ ದೊಡ್ಡ ಟ್ರಾಲರುಗಳ ಸರಂಜಾಮು.

ಕೀಳುವ ಕೆಲಸದಲ್ಲೇ ಹೆಚ್ಚಿನವರು ಎಡವುವುದು. ಟ್ರಾಲ್ ವಿಂಚನ್ನು ಮುಟ್ಟಬೇಡಿ. ‘ಮೀನುಗಾರಿಕೆಯ ವಸ್ತುವೆಲ್ಲ ತೆಗೆದುಹಾಕಿ’ ಎಂದು ವಿಡಿಯೊಗಳಲ್ಲಿ ಉಪದೇಶ ಮಾಡುವವರು ಟ್ರಾಲರನ್ನು ನೌಕಾಪಡೆ ಏಕೆ ಕೇಳಿತು ಎಂಬುದನ್ನೇ ತಿಳಿದಿಲ್ಲ. ಭಾರದ ಬಲೆಯನ್ನು ಉಕ್ಕಿನ ಹಗ್ಗದಲ್ಲಿ ಎಳೆಯುವ ವಿಂಚ್, ಆ ಕೆಲಸದಲ್ಲಿ ಪಳಗಿದ ಜನ, ಎರಡೂ ಅಲ್ಲಿ ಸಿದ್ಧವಾಗಿದ್ದವು. ಬಲೆಯ ಬದಲು ಮೈನ್ ಗುಡಿಸುವ ಹಗ್ಗ ಕಟ್ಟಿದರಾಯಿತು. ಗುಡಿಸುವ ಹಗ್ಗವನ್ನು ಬದಿಗೆ ಸರಿಸುವ ‘ಆಟರ್’ ಕೂಡ ಬಲೆಯ ಬಾಯಿ ಅಗಲಿಸುವ ಹಲಗೆಯ ದಾಯಾದಿಯೇ.

ತೆಗೆಯಬೇಕಾದವು ಇವು: ಗ್ಯಾಲೋಸ್ ಕಮಾನುಗಳು, ಡೆಕ್ಕಿನ ಮೇಲೆ ಮೀನು ಸುರಿಯುವ ಹಲಗೆಕಟ್ಟೆ, ಬಲೆ, ಮೀನಿನ ಬುಟ್ಟಿಗಳು. ಫೆವಿಕಾಲ್‌ನಲ್ಲಿ ಅಂಟಿಸಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ನೆನೆಸಿ ಬುಡಕ್ಕೆ ಸುತ್ತಿ, ಆರದಂತೆ ಪ್ಲಾಸ್ಟಿಕ್ ಹೊದಿಸಿ ಅರ್ಧ ಗಂಟೆ ಬಿಡಿ. ಆಮೇಲೆ ತೆಳು ಬ್ಲೇಡನ್ನು ಡೆಕ್ಕಿಗೆ ಸಮನಾಗಿ ತೂರಿಸಿ ಮೆಲ್ಲಗೆ ಎಬ್ಬಿಸಿ. ಡೆಕ್ಕಿಗೆ ಅರಗಿನ ಪಾಲಿಶ್ ಹಾಕಿದ್ದರೆ ಆಲ್ಕೋಹಾಲ್ ಅದನ್ನೂ ಕರಗಿಸುತ್ತದೆ. ಅಲ್ಲಿ ಬಿಸಿನೀರಿನ ಹತ್ತಿ ಸಾಕು. ಸೂಪರ್ ಗ್ಲೂ ಆದರೆ ಅಸಿಟೋನ್ ಬೇಕು. ಅದು ಬಣ್ಣವನ್ನೂ ಪ್ಲಾಸ್ಟಿಕ್ ಭಾಗವನ್ನೂ ತಿನ್ನುತ್ತದೆ, ಹನಿಹನಿಯಾಗಿ ಕುಂಚದ ತುದಿಯಿಂದ ಮಾತ್ರ ಬಿಡಿ. ಉಳಿದ ತೂತಿಗೆ ಪುಟ್ಟಿ ಮೆತ್ತಬೇಡಿ, ವಾರ್ನಿಷ್ ಬಿದ್ದ ಕೂಡಲೇ ಕಲೆ ಎದ್ದು ಕಾಣುತ್ತದೆ. ಆ ಹಲಗೆಯ ತುಂಡನ್ನೇ ಕತ್ತರಿಸಿ ತೆಗೆದು ಹೊಸದು ಕೂರಿಸಿ.

ಮೀನು ತುಂಬಿಡುವ ಒಳಕೋಣೆ (ಹೋಲ್ಡ್) ನಾವಿಕರ ಮಲಗುವ ಕೋಣೆಯಾಗುತ್ತಿತ್ತು. ಹಾಗಾಗಿ ಅದರ ಬಾಯಿಮುಚ್ಚಳದ (ಹ್ಯಾಚ್) ಜಾಗದಲ್ಲಿ ಮೆಟ್ಟಿಲಿಳಿಯುವ ಪುಟ್ಟ ಗೂಡು, ಅಣಬೆಯಾಕಾರದ ಎರಡು ಗಾಳಿಕೊಳವೆ, ಒಳಗಿನ ಒಲೆಯ ಹೊಗೆಕೊಳವೆ ಬರಲಿ. ಮನುಷ್ಯರು ಇಲ್ಲಿ ವಾಸ ಮಾಡುತ್ತಿದ್ದರು ಎಂದು ಹೇಳುವುದು ಆ 2 ಮಿ.ಮೀ. ಹೊಗೆಕೊಳವೆ. ಅದನ್ನು ಬಿಟ್ಟು ಮೂರನೇ ತೋಪಿಗೆ ಜಾಗ ಹುಡುಕುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ತೋಪಿನ ವೇದಿಕೆಗೆ 1.5 ಮಿ.ಮೀ. ಪ್ಲೈವುಡ್, ವ್ಯಾಸ 65ರಿಂದ 70 ಮಿ.ಮೀ. ತೋಪಿನ ಸುತ್ತ ಆಳುಗಳು ಓಡಾಡಬೇಕು. ಅದಕ್ಕಿಂತ ಸಣ್ಣದಾದರೆ ಗುಂಡು ತುಂಬುವವನಿಗೆ ನಿಲ್ಲಲು ಜಾಗವಿಲ್ಲ. ಎತ್ತರ ಡೆಕ್ಕಿನ ಅಂಚುಗೋಡೆಗಿಂತ ಸ್ವಲ್ಪ ಮೇಲೆ: ನಳಿಗೆ ಬಗ್ಗಿಸಿದಾಗ ಅಂಚಿಗೆ ತಾಗಬಾರದು, ಕೆಳಗಿರುವ, ಲಂಗರು ಎತ್ತುವ ವಿಂಡ್‌ಲಾಸ್‌ಗೆ ಕೈ ಹೋಗಬೇಕು, ಚುಕ್ಕಾಣಿ ಹಿಡಿದವನ ಕಣ್ಣಿಗೂ ಅಡ್ಡ ಬರಬಾರದು. ನಡುವಿನ ಕಂಬಕ್ಕೆ 3 ಮಿ.ಮೀ. ಹಿತ್ತಾಳೆ ಕೊಳವೆ. ಅದನ್ನು ಡೆಕ್ಕಿನ ಮೇಲೆ ಬರಿದೇ ಅಂಟಿಸದೆ ತೂತು ಕೊರೆದು ಒಳಗಿನ ಚೌಕಟ್ಟಿನವರೆಗೆ ಇಳಿಸಿ. ನಿಜವಾದ ಹಡಗಿನಲ್ಲೂ ತೋಪಿನ ಹಿಮ್ಮೆಟ್ಟು ತಡೆಯಲು ಡೆಕ್ಕಿನ ಅಡಿಗೆ ಆಧಾರ ಕೊಡುತ್ತಿದ್ದರು. ಮಾದರಿಯಲ್ಲಿ ಹಾಗೆ ಮಾಡದಿದ್ದರೆ ಮೊದಲ ಸಲ ಕೈ ತಗುಲಿದಾಗಲೇ ವೇದಿಕೆ ಕಿತ್ತು ಬರುತ್ತದೆ.

ಅಳತೆಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. 12 ಪೌಂಡರಿನ ನಳಿಗೆ ಸುಮಾರು 3.14 ಮೀಟರ್: ನಿಮಗೆ 63 ಮಿ.ಮೀ. ಬಾಯಿಯ ತೂತು 76 ಮಿ.ಮೀ.: ನಿಮಗೆ 1.5. ಲೂಯಿಸ್ ಗನ್ 1.28 ಮೀಟರ್: ನಿಮಗೆ 26 ಮಿ.ಮೀ. ಕೂಡ ಇಲ್ಲ. ಡೆಪ್ತ್ ಚಾರ್ಜ್ ಸುಮಾರು 70 ಸೆಂ.ಮೀ. ಉದ್ದ, 45 ಸೆಂ.ಮೀ. ವ್ಯಾಸದ ಪೀಪಾಯಿ: ನಿಮಗೆ 14 ಮತ್ತು 9 ಮಿ.ಮೀ. ಇದನ್ನು ಕಡೆಯಲು ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರದ ತುಂಡು ಸಿಕ್ಕರೆ ಬಿಡಬೇಡಿ. ಎಳೆ ನುಣುಪು, ಅಂಚು ಸಿಬಿರೇಳುವುದಿಲ್ಲ. ತೇಗದ ಎಳೆ ಈ ಅಳತೆಗೆ ಒರಟು.

ಕೆರೆಯಲ್ಲಿ ಓಡಿಸುವವರು ಇದನ್ನು ಎರಡು ಸಲ ಓದಿ. ಉದ್ದ 50 ಪಟ್ಟು ಕುಗ್ಗಿದರೆ ತೂಕ 50×50×50, ಅಂದರೆ 1,25,000 ಪಟ್ಟು ಕುಗ್ಗುತ್ತದೆ. 500 ಟನ್ನಿನ ಹಡಗಿನ ಮಾದರಿ ತೇಲುವಾಗ ಒಟ್ಟು 4 ಕೆ.ಜಿ. ಇರಬೇಕು, ಬ್ಯಾಟರಿ, ಮೋಟಾರು ಎಲ್ಲ ಸೇರಿ. 12 ಪೌಂಡರಿನ ನಳಿಗೆ 610 ಕೆ.ಜಿ.: ನಿಮ್ಮ ಪಾಲಿಗೆ 5 ಗ್ರಾಂ. ‘ಯುದ್ಧ ಸೆಟ್’ ಎಂದು ಮಾರುವ ಎರಕದ ಲೋಹದ ತೋಪು ಪೀಠ ಸೇರಿ 60 ಗ್ರಾಂ ತೂಗಿದರೆ, ನೀವು ಹಡಗಿನ ಮೂತಿಯ ಮೇಲೆ ಏಳೂವರೆ ಟನ್ ಎತ್ತಿಟ್ಟಂತೆ. ಅದೂ ನೀರಿನ ಮಟ್ಟದಿಂದ ಅಷ್ಟು ಮೇಲೆ. ಮಾದರಿ ಮೂತಿ ತಗ್ಗಿಸಿ ಓಡುತ್ತದೆ, ತಿರುವಿನಲ್ಲಿ ವಾಲಿ ಬೇಗ ಏಳುವುದಿಲ್ಲ. ನಳಿಗೆಯನ್ನು ಮಾತ್ರ ಅಲ್ಯೂಮಿನಿಯಂ ಅಥವಾ ಹಿತ್ತಾಳೆಯಲ್ಲಿ ಕಡೆಯಿರಿ, ಪೀಠ ಮತ್ತು ರಕ್ಷಾಫಲಕವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿ. ಮೇಲೆ ಸೇರಿಸುವ ಪ್ರತಿಯೊಂದನ್ನೂ ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಅಂಟಿಸುವ ಮೊದಲು ಎಲ್ಲವನ್ನೂ ಟೇಪಿನಲ್ಲಿ ನಿಲ್ಲಿಸಿ ನೀರಿನ ತೊಟ್ಟಿಯಲ್ಲಿ ತೇಲಿಸಿ ನೋಡಿ. ಕೈಯಿಂದ ವಾಲಿಸಿದರೆ ತಟ್ಟನೆ ನೆಟ್ಟಗಾಗಬೇಕು. ಹಿಂದುಮುಂದು ನೋಡಿದರೆ ಬ್ಯಾಲಸ್ಟನ್ನು (ಸ್ಥಿರತೆಗೆಂದು ಒಳಗಿಡುವ ತೂಕ) ತಳದ ನಡುಪಟ್ಟಿಗೆ ಹತ್ತಿರ ಇಳಿಸಿ, ಮೇಲಿನದನ್ನು ಹಗುರ ಮಾಡಿ.

ಒಡಲಿನ ವಿಷಯದಲ್ಲಿ ಇನ್ನೊಂದು ಹಟ ಬಿಡಿಸಬೇಕು. ನಿಮ್ಮ ಮಾದರಿ ಮರದ್ದು; ಆ ಟ್ರಾಲರ್ ಉಕ್ಕಿನದ್ದು. ಹಲಗೆಯ ಗೆರೆ ಕಂಡರೆ ಇಡೀ ಶ್ರಮ ನೀರುಪಾಲು. ವುಡ್ ಸೀಲರ್ ಎರಡು ಕೋಟು, ಪ್ರತಿ ಕೋಟಿನ ನಂತರ 320ರ ಸ್ಯಾಂಡ್‌ಪೇಪರ್, ಆಮೇಲೆ ಪ್ರೈಮರ್, ಮತ್ತೆ 600. ತಟ್ಟೆಗಳ ಅಂಚು ತೋರಿಸಲು ತೆಳು ಕಾಗದದ ಪಟ್ಟಿಯನ್ನು ಸೀಲರ್‌ನಿಂದಲೇ ಅಂಟಿಸಿ. ರಿವೆಟ್ ಎಂದು ಚುಕ್ಕಿ ಇಡುತ್ತ ಕೂರಬೇಡಿ. ಹೊರತಟ್ಟೆಯ ರಿವೆಟ್ಟನ್ನು ತಟ್ಟೆಯ ಮಟ್ಟಕ್ಕೆ ಬಡಿದು ಕೂರಿಸುತ್ತಿದ್ದರು. 50 ಪಟ್ಟು ಕುಗ್ಗಿದ ಮೇಲೆ ಅಲ್ಲಿ ಕಾಣುವುದಕ್ಕೆ ಏನೂ ಉಳಿಯುವುದಿಲ್ಲ.

ಉಕ್ಕಿನ ಒಡಲು ಎಂದಾದ ಮೇಲೆ ಕಾಂತೀಯ ಮೈನಿನ ಭಯವೂ ಬಂತು. 1939ರ ನವೆಂಬರ್ 23ರಂದು ಇಂಗ್ಲೆಂಡಿನ ಶೂಬರಿನೆಸ್‌ನ ಕೆಸರಿನಲ್ಲಿ ಸಿಕ್ಕ ಜರ್ಮನ್ ಮೈನನ್ನು ಲೆಫ್ಟಿನೆಂಟ್ ಕಮಾಂಡರ್ ಜಾನ್ ಔವ್ರಿ ಬಿಚ್ಚಿದ ಮೇಲೆ ಅದರ ಗುಟ್ಟು ಬಯಲಾಯಿತು. ಅಲ್ಲಿಂದ ಮುಂದೆ ಹಡಗುಗಳ ಸುತ್ತ ವಿದ್ಯುತ್ ಕೇಬಲ್ ಸುತ್ತಿ ಒಡಲಿನ ಕಾಂತತ್ವ ತಗ್ಗಿಸಲು ಶುರುಮಾಡಿದರು. ನಿಮ್ಮದು 1940ರ ಕೊನೆಯ ಹಡಗು, ಆದ್ದರಿಂದ ಕೇಬಲ್ ಬೇಕು: 0.5 ಮಿ.ಮೀ. ದಾರ ಮೂರೆಳೆ ಪಕ್ಕಪಕ್ಕ, ಡೆಕ್ಕಿನ ಮಟ್ಟದಲ್ಲಿ ಒಡಲಿನ ಹೊರಗೆ ಪೂರ್ತಿ ಸುತ್ತು. ದಾರಕ್ಕೆ ಮೊದಲೇ ಮೇಣ ಎಳೆಯಿರಿ, ಇಲ್ಲವಾದರೆ ಬಣ್ಣದಲ್ಲಿ ನವಿರು ಎದ್ದು ನಿಲ್ಲುತ್ತದೆ.

ಚುಕ್ಕಾಣಿ ಕೋಣೆಗೆ ಆ ಹೊತ್ತಿಗೆ ‘ಪ್ಲಾಸ್ಟಿಕ್ ಕವಚ’ ಬರತೊಡಗಿತ್ತು. ಇದು ಡಾಂಬರಿನಲ್ಲಿ ಕಲ್ಲಿನ ಚೂರು ಬೆರೆಸಿ ತೆಳು ಉಕ್ಕಿನ ತಟ್ಟೆಯ ಮುಂದೆ ಎರೆದದ್ದು. ಸುಮಾರು 5 ಸೆಂ.ಮೀ. ದಪ್ಪ, ಅಂದರೆ ನಿಮಗೆ 1 ಮಿ.ಮೀ. ಪ್ಲಾಸ್ಟಿಕ್ ಹಾಳೆ. ಕೋಣೆಯನ್ನು ಒಂದೇ ಹಾಳೆಯಲ್ಲಿ ಸುತ್ತಬೇಡಿ. ಫಲಕ ಫಲಕವಾಗಿ ಕತ್ತರಿಸಿ, ನಡುವೆ ಕೂದಲೆಳೆಯಷ್ಟು ಸಂದು ಬಿಡಿ. ಮೇಲ್ಮೈಗೆ ಪ್ರೈಮರನ್ನು ಕುಂಚದಲ್ಲಿ ಕುಟ್ಟಿದರೆ ಆ ಒರಟುತನ ಬರುತ್ತದೆ.

ಕೊನೆಗೆ ಹಿಂಭಾಗ: ಗುಡಿಸುವ ಹಗ್ಗದ ಹೊರತುದಿಯನ್ನು ಎತ್ತಿ ಹಿಡಿಯುವ, ಮೀನಿನಾಕಾರದ ಎರಡು ಒರೊಪೇಸಾ ತೇಲುಗಳು, ಅವನ್ನು ಎತ್ತಿಳಿಸುವ ಎರಡು ಡೇವಿಟ್ ಕಂಬ, ಆಟರ್ ಫಲಕಗಳು, ಹಗ್ಗವನ್ನು ಆಳದಲ್ಲಿ ಹಿಡಿದಿಡುವ ಕೈಟ್ ಫಲಕ. ವಿಂಚಿನಿಂದ ಹಿಂಭಾಗದವರೆಗೆ ಹಗ್ಗದ ದಾರಿ ಖಾಲಿ ಇರಲಿ. ಆ ದಾರಿಯಲ್ಲಿ ನೀವು ಏನು ಕೂರಿಸಿದರೂ ನಿಮ್ಮ ಹಡಗು ಮೈನ್ ಗುಡಿಸಲಾರದು. ಮೂತಿಯ ಮೀನುಗಾರಿಕಾ ನೋಂದಣಿ ಸಂಖ್ಯೆ ಅಳಿಸಿ, ಎಫ್‌ವೈ ಅಕ್ಷರಗಳಿಂದ ಶುರುವಾಗುವ ನೌಕಾಪಡೆಯ ಸಂಖ್ಯೆ ಬರೆಯಿರಿ. ಧ್ವಜ ಬಿಳಿಯದು, ಕೆಂಪು ಶಿಲುಬೆಯದ್ದು. ವ್ಯಾಪಾರಿ ಹಡಗಿನ ಕೆಂಪು ಧ್ವಜ ಅಲ್ಲ.

ಪ್ರಶ್ನೆ: ಕಪ್ಪು-ಬಿಳಿ ಪಟ್ಟೆಯ ‘ಡ್ಯಾಝಲ್’ ಬಣ್ಣ ಚೆನ್ನಾಗಿರುತ್ತದಲ್ಲವೇ?
ಉತ್ತರ: ಅದು ಹಿಂದಿನ ಯುದ್ಧದ್ದು. 1940ರ ಟ್ರಾಲರಿಗೆ ಮಟ್ಟಸ ಬೂದು, ಹೊಳಪಿಲ್ಲದ್ದು.

ಪ್ರಶ್ನೆ: ಮಲ್ಪೆಯ ಟ್ರಾಲ್ ಬೋಟಿನ ಮಾದರಿಯನ್ನೇ ಯುದ್ಧಕಾಲದ ಗಸ್ತು ಹಡಗು ಮಾಡಬಹುದೇ?
ಉತ್ತರ: ಬೇಡ. ನಮ್ಮ ಕರಾವಳಿಗೆ ಯಾಂತ್ರೀಕೃತ ಟ್ರಾಲ್ ಬೋಟು ಬಂದದ್ದೇ ಆ ಯುದ್ಧ ಮುಗಿದ ಮೇಲೆ.

ಪ್ರಶ್ನೆ: ನನ್ನದು 48 ಸೆಂ.ಮೀ. ಉದ್ದದ, 1:50ರ ಮರದ ಮೋಟಾರು ಕಟರ್. ಟ್ರಾಲರ್ ಆಗುವುದಿಲ್ಲವೇ?
ಉತ್ತರ: ಆಗುವುದಿಲ್ಲ, ಆದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಜರ್ಮನ್ನರು ಯುದ್ಧದ ಮಧ್ಯದಲ್ಲಿ ಮೀನುಗಾರಿಕಾ ಕಟರಿನ ನಕ್ಷೆಯ ಮೇಲೆಯೇ ನೂರಾರು ‘ಕ್ರೀಗ್ಸ್‌ಫಿಶ್‌ಕುಟರ್’ಗಳನ್ನು ಕಟ್ಟಿದರು. ಉದ್ದ 24 ಮೀಟರ್, ಒಡಲು ಮರದ್ದು. ಹಲಗೆಯ ಗೆರೆ ಇಲ್ಲಿ ಸಣ್ಣಗೆ ಕಂಡರೆ ತಪ್ಪಿಲ್ಲ. ಒಡಲಿನ ಅಗಲ 12.8 ಸೆಂ.ಮೀ. ಹತ್ತಿರ ಇದೆಯೇ ಎಂದು ಮೊದಲು ಅಳೆಯಿರಿ.

ಪ್ರಶ್ನೆ: ಹಳೆಯದಾಗಿ ಕಾಣಲು ಟೀ ಡಿಕಾಕ್ಷನ್ ಬಳಿಯಬಹುದೇ?
ಉತ್ತರ: ಬೂದು ಬಣ್ಣದ ಉಕ್ಕು ಟೀ ಬಣ್ಣಕ್ಕೆ ತಿರುಗುವುದಿಲ್ಲ. ತುಕ್ಕು ಬರುವ ಜಾಗ ಲಂಗರಿನ ಸರಪಳಿ ಹೊರಬರುವ ತೂತು, ನೀರು ಹೊರಹೋಗುವ ಕಂಡಿಗಳ ಕೆಳಗು. ಅಲ್ಲಿ ತೆಳು ಕಂದು ಬಣ್ಣದ ಒಂದೆರಡು ಗೆರೆ, ಮೇಲಿನಿಂದ ಕೆಳಕ್ಕೆ. ಸಾಕು.

ಪ್ರಶ್ನೆ: ತೋಪುಗಳನ್ನು ಮನೆಯಲ್ಲೇ ಸೀಸ ಕರಗಿಸಿ ಎರಕ ಹೊಯ್ಯುವುದು ಹೇಗೆ?
ಉತ್ತರ: ಹೇಳಿಕೊಡುವುದಿಲ್ಲ. ಹಳೆಯ ಬ್ಯಾಟರಿಯ ಸೀಸವನ್ನು ಗ್ಯಾಸ್ ಒಲೆಯ ಮೇಲೆ ಕರಗಿಸಿ ‘ಏನೂ ಆಗುವುದಿಲ್ಲ’ ಎನ್ನುವವರ ಮಾತು ನಂಬಬೇಡಿ. ಸೀಸದ ಹೊಗೆ ಮತ್ತು ಧೂಳು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಒಮ್ಮೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬರುವುದಿಲ್ಲ. ತೋಪಿಗೆ ಇಷ್ಟು ಭಾರದ ಲೋಹವೇ ಬೇಕಿಲ್ಲ ಎಂಬುದನ್ನು ಮೇಲೆ ಲೆಕ್ಕ ಹಾಕಿ ತೋರಿಸಿದ್ದೇನೆ.

ಪ್ರಶ್ನೆ: ಮಂಗಳೂರಿನಲ್ಲಿದ್ದೇನೆ. ಸ್ಪ್ರೇ ಮಾಡಿದ ವಾರ್ನಿಷ್ ಮೇಲೆ ಬೂಷ್ಟಿನ ಹಾಗೆ ಬಿಳಿ ಮಬ್ಬು ಬರುತ್ತದೆ. ಏಕೆ?
ಉತ್ತರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಕೈಗೆತ್ತಿಕೊಳ್ಳಬೇಡಿ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರೊಳಗೇ ಸಿಕ್ಕಿಬೀಳುತ್ತದೆ, ಮಬ್ಬು ಅದೇ. ತೇವಾಂಶ ಶೇ 70 ದಾಟಿದ್ದರೆ ಆ ದಿನ ಕುಂಚದ ಕೆಲಸ ಮಾಡಿ. ಮತ್ತು ಪ್ಲೈವುಡ್ಡಿನ ಎರಡೂ ಮುಖಕ್ಕೆ, ಕತ್ತರಿಸಿದ ಅಂಚಿಗೂ ಸೀಲರ್ ಹಚ್ಚಿ. ಒಂದೇ ಮುಖಕ್ಕೆ ಹಚ್ಚಿದ ವೇದಿಕೆ ಆಗಸ್ಟ್ ಹೊತ್ತಿಗೆ ಹಪ್ಪಳದಂತೆ ಬಾಗಿರುತ್ತದೆ.