ಸಂಗಾತಿಯ ರಕ್ತ ಕೈಗೆ ತಾಗಿದರೆ ಎಚ್‌ಐವಿ ಬರುತ್ತದೆಯೇ?

ಸಂಗಾತಿಯ ಗಾಯವನ್ನು ಒರೆಸುವಾಗ ರಕ್ತ ನಿಮ್ಮ ಬೆರಳಿಗೆ ತಾಗಿದೆ, ಅವರ ಎಚ್‌ಐವಿ ಸ್ಥಿತಿ ನಿಮಗೆ ತಿಳಿದಿಲ್ಲ ಎಂದು ಬರೆದಿದ್ದೀರಿ. ಗಾಯವಿಲ್ಲದ ಚರ್ಮವನ್ನು ದಾಟಿ ಈ ವೈರಾಣು ದೇಹದೊಳಗೆ ಹೋಗಲಾರದು. ಒಣಗಿ ಹೊಪ್ಪಳೆ ಕಟ್ಟಿದ ಹಳೆಯ ಗೀರಿನ ಮೂಲಕ ಪ್ರವೇಶಿಸುವ ಸಾಧ್ಯತೆಯೂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನೀವು ವಿವರಿಸಿದ ಸನ್ನಿವೇಶದಲ್ಲಿ ಸೋಪು ಮತ್ತು ನೀರಿನಿಂದ ಕೈ ತೊಳೆದುಕೊಂಡರೆ ಸಾಕು.

ರಕ್ತ ಸುರಿಯುತ್ತಿರುವ ಹೊಸ ಗಾಯ, ಕಣ್ಣು ಅಥವಾ ಬಾಯಿಯ ಒಳಪದರಕ್ಕೆ ರಕ್ತ ತಾಗಿದ್ದರೆ ಅಥವಾ ಸೂಜಿ ಚುಚ್ಚಿದ್ದರೆ ವಿಷಯ ಬೇರೆ. ಎಚ್‌ಐವಿ ಇರುವವರ ರಕ್ತ ಅಂಟಿದ ಸೂಜಿ ಚುಚ್ಚಿದಾಗಲೂ, ಯಾವ ಔಷಧಿ ತೆಗೆದುಕೊಳ್ಳದಿದ್ದರೂ ಸೋಂಕು ತಗಲುವುದು ಸುಮಾರು 300ರಲ್ಲಿ ಒಂದು ಬಾರಿ ಮಾತ್ರ. ಕಣ್ಣು, ಬಾಯಿಗಳ ಮೂಲಕ ಅದಕ್ಕಿಂತಲೂ ಕಡಿಮೆ. ಹಾಗೆಂದು ಸುಮ್ಮನೆ ಕಾಯುವುದು ತಪ್ಪು. ಸೋಂಕನ್ನು ತಡೆಯುವ ಪೆಪ್ ಚಿಕಿತ್ಸೆಯನ್ನು 72 ಗಂಟೆಗಳ ಒಳಗೆ ಆರಂಭಿಸಿ 28 ದಿನ ಮುಂದುವರಿಸಬೇಕಾಗುತ್ತದೆ, ಮತ್ತು ಪ್ರತಿ ಗಂಟೆಯ ವಿಳಂಬವೂ ಅದರ ಪರಿಣಾಮವನ್ನು ಕುಗ್ಗಿಸುವುದರಿಂದ ಅದೇ ದಿನ ವೈದ್ಯರನ್ನು ಕಾಣುವುದು ಅಗತ್ಯ.

ಅನುಮಾನ ನಿಮ್ಮನ್ನು ಬಿಡದೆ ಕಾಡುತ್ತಿದ್ದರೆ, ಮರುದಿನವೇ ಪರೀಕ್ಷೆ ಮಾಡಿಸಿಕೊಂಡು ಪ್ರಯೋಜನವಿಲ್ಲ, ಏಕೆಂದರೆ ಹೊಸ ಸೋಂಕು ಅಷ್ಟು ಬೇಗ ಗೋಚರಿಸುವುದಿಲ್ಲ. ವೈರಾಣುವಿನ ಅಂಶವನ್ನೂ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನೂ ಒಟ್ಟಿಗೆ ಹುಡುಕುವ, ಪ್ರಯೋಗಾಲಯದಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ 45 ದಿನಗಳ ನಂತರ ನೆಗೆಟಿವ್ ಬಂದರೆ ಅದನ್ನು ನಂಬಬಹುದು. ಪ್ರತಿಕಾಯಗಳನ್ನಷ್ಟೇ ಹುಡುಕುವ ಪರೀಕ್ಷೆಗೆ 90 ದಿನ ಬೇಕು. ಪೆಪ್ ತೆಗೆದುಕೊಂಡಿದ್ದರೆ ಈ ಅವಧಿಯನ್ನು ವೈದ್ಯರೇ ನಿರ್ಧರಿಸಲಿ. ನನ್ನ ಅಭಿಪ್ರಾಯದಲ್ಲಿ, ಒಬ್ಬರೇ ಕೊರಗುವುದಕ್ಕಿಂತ ಇಬ್ಬರೂ ಒಟ್ಟಿಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುವುದು ಹೆಚ್ಚು ಒಳ್ಳೆಯದು.